ಗಂಗಾವಳಿಯ ದಂಡೆಯಲ್ಲಿ ಒಂದು ರಾತ್ರಿ



ಜರ್ಮನಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ಕೆಲವು ಚಿತ್ರಗಳನ್ನು ಕಳುಹಿಸಿದ್ದ. ಡ್ಯಾನ್ಯೂಬ್ ನದಿಯ ಗುಂಟ ಪಸ್ಸೌ ಪಟ್ಟಣದಿಂದ ವಿಯೆನ್ನಾದವರೆಗೆ, ಸುಮಾರು 320 ಕಿಲೋಮೀಟರ್ ದೂರವನ್ನು ಹೆಂಡತಿ ಮಕ್ಕಳೊಡನೆ ಸೈಕಲ್ ತುಳಿದು, ರಾತ್ರಿ ದಂಡೆಯ ಮೇಲೆ ಗುಡಾರ ಹಾಕಿ ಮಲಗಿದನಂತೆ. ಒಂದು ಕಾಲದಲ್ಲಿ ಕುದುರೆಗಳು ಸರಕಿನ ದೋಣಿಗಳನ್ನು ಹರಿವಿಗೆ ಎದುರಾಗಿ ಎಳೆದುಕೊಂಡು ಹೋಗುತ್ತಿದ್ದ ದಾರಿಯೇ ಅಲ್ಲಿ ಬಹಳ ಕಡೆ ಈಗ ಸೈಕಲ್ ದಾರಿಯಾಗಿದೆ. ಪತ್ರದ ಕೊನೆಯಲ್ಲಿ ಅವನು ಬರೆದಿದ್ದ: “ಸರ್, ನದಿ ನೋಡಲು ನಮ್ಮನ್ನು ಮೊದಲು ಸೈಕಲ್ ಮೇಲೆ ಕರೆದೊಯ್ದವರು ನೀವು.”

ಓದಿ ಸಂತೋಷವಾಯಿತು. ಜೊತೆಗೆ ಹಳೆಯದೊಂದು ನಾಚಿಕೆಯೂ ಮನಸ್ಸಿಗೆ ಬಂತು. ಅದನ್ನು ಇಂದು ಹೇಳಿಬಿಡುತ್ತೇನೆ.

ಅದು 1988ರ ಡಿಸೆಂಬರ್. ಬಿ.ಎಡ್. ಮುಗಿಸಿ ಅಂಕೋಲಾ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ಪಾಠ ಹೇಳಲು ತೊಡಗಿ ಮೂರನೆಯ ವರ್ಷ. ಯುರೋಪಿನ ನದಿಗಳೆಂದರೆ ನನಗೆ ಬಲು ಉತ್ಸಾಹ. ಡ್ಯಾನ್ಯೂಬ್ ಜರ್ಮನಿಯ ಕಪ್ಪು ಅರಣ್ಯದಲ್ಲಿ ಹುಟ್ಟಿ ಕಪ್ಪು ಸಮುದ್ರ ಸೇರುವವರೆಗಿನ ದಾರಿಯನ್ನು ನಕಾಶೆ ನೋಡದೆಯೇ ಕರಿಹಲಗೆಯ ಮೇಲೆ ಬಿಡಿಸುತ್ತಿದ್ದೆ. ನಮ್ಮದೇ ಗಂಗಾವಳಿಯನ್ನೂ ಮಕ್ಕಳಿಗೆ ತೋರಿಸಬೇಕೆಂದು ಸೈಕಲ್ ಪ್ರವಾಸ ಗೊತ್ತುಮಾಡಿದೆ. “ಸೈಕಲ್ ಇದ್ದವರು ಮಾತ್ರ ಹೆಸರು ಕೊಡಿ” ಎಂದೆ. ಹನ್ನೊಂದು ಹುಡುಗರು ಕೊಟ್ಟರು. ಕೆಲವರು ಬಾಡಿಗೆ ಸೈಕಲ್ ತರುತ್ತೇವೆಂದರು. ಮಂಜಗುಣಿಯ ಕಡೆಯಿಂದ ಬರುತ್ತಿದ್ದ, ಮೀನುಗಾರ ಮನೆತನದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ತರಗತಿ ಮುಗಿದ ಮೇಲೂ ಬಾಗಿಲ ಬಳಿ ನಿಂತಿದ್ದ. ಅವನಲ್ಲಿ ಸೈಕಲ್ಲೂ ಇರಲಿಲ್ಲ, ಬಾಡಿಗೆಯ ದುಡ್ಡೂ ಇರಲಿಲ್ಲ. “ಮುಂದಿನ ಸಲ ನೋಡೋಣ” ಎಂದು ಹೊರಟುಬಿಟ್ಟೆ. ನನ್ನ ಸೈಕಲ್ಲಿಗೆ ಗಟ್ಟಿಯಾದ ಕ್ಯಾರಿಯರ್ ಇತ್ತು ಎಂಬುದು ಆಗ ನೆನಪಾಗಲಿಲ್ಲ.

ಹುಣ್ಣಿಮೆಯ ದಿನ ಬೆಳಿಗ್ಗೆ ಅಂಕೋಲೆಯಿಂದ ಹೊರಟೆವು. ಇಂದಿನ 66ನೆಯ ರಾಷ್ಟ್ರೀಯ ಹೆದ್ದಾರಿಗೆ ಆಗ 17 ಎಂಬ ಸಂಖ್ಯೆ. ಶಿರೂರಿನ ಬಳಿ ರಸ್ತೆ ನದಿಗೆ ತೀರ ಹತ್ತಿರ ಬರುತ್ತದೆ; ಒಂದು ಮಗ್ಗುಲಲ್ಲಿ ಗುಡ್ಡ, ಇನ್ನೊಂದು ಮಗ್ಗುಲಲ್ಲಿ ನೀರು. ಅಲ್ಲಿ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಧಾರವಾಡದ ಬಳಿ ಶಾಲ್ಮಲೆಯಾಗಿ ಹುಟ್ಟಿ, ಬೇಡ್ತಿಯಾಗಿ ಹರಿದು, ಮಾಗೋಡಿನಲ್ಲಿ ಧುಮುಕಿ, ಇಲ್ಲಿ ಗಂಗಾವಳಿಯಾಗುವ ಕಥೆಯನ್ನು ಹುಡುಗರಿಗೆ ಹೇಳಿದೆ. ಒಂದು ಸೈಕಲ್ ಪಂಕ್ಚರ್ ಆಯಿತು. ಅದನ್ನು ಸರಿಪಡಿಸಿ, ಮತ್ತೆ ಅಂಕೋಲೆಗೆ ಮರಳಿ, ಸಂಜೆಯ ಹೊತ್ತಿಗೆ ನದಿ ಕಡಲು ಸೇರುವ ಮಂಜಗುಣಿ ತಲುಪಿದೆವು. ನೀರಂಚಿನ ಮರಳು ಮೆತ್ತಗೆ ಹಾಸಿಗೆಯಂತಿತ್ತು. ಅಲ್ಲೇ ತಾಡಪತ್ರಿ ಕಟ್ಟಿ, ಮೂರು ಕಲ್ಲು ಹೂಡಿ ಗಂಜಿಗೆ ಇಟ್ಟೆವು.

ಕತ್ತಲಾಗುವಾಗ ಒಂದು ದೋಣಿ ದಡಕ್ಕೆ ಬಂತು. ಹುಟ್ಟು ಹಾಕುತ್ತಿದ್ದವನು ಅದೇ ಹುಡುಗ. ನಮ್ಮ ಬೆಂಕಿ ಕಂಡು ಬಂದಿದ್ದ. ಸ್ವಲ್ಪ ಹೊತ್ತು ಸುಮ್ಮನೆ ನಿಂತು ಹೇಳಿದ: “ಸರ್, ಇಲ್ಲಿ ಮಲಗಬೇಡಿ. ಇವತ್ತು ಹುಣ್ಣಿಮೆ ಭರತಿ. ನಡುರಾತ್ರಿಗೆ ನೀರು ಆ ತೆಂಗಿನ ಬುಡದ ತನಕ ಬರ್ತದೆ.”

ಸೂರ್ಯ ಚಂದ್ರರ ಆಕರ್ಷಣೆ ಒಂದೇ ಗೆರೆಗೆ ಬಂದಾಗ ಉಬ್ಬರ ಹೆಚ್ಚುತ್ತದೆಂದು ನಾನು ಪಾಠ ಹೇಳಿ ತಿಂಗಳೂ ಆಗಿರಲಿಲ್ಲ. ಆದರೆ ಉಬ್ಬರದ ನೀರು ಈ ದಂಡೆಯಲ್ಲಿ ಯಾವ ಮರದ ಬುಡ ಮುಟ್ಟುತ್ತದೆಂಬುದು ನನಗೆ ಗೊತ್ತಿರಲಿಲ್ಲ. ಒಲ್ಲದ ಮನಸ್ಸಿನಿಂದಲೇ ಸಾಮಾನು ಮೇಲೆ ಸಾಗಿಸಿದೆವು. ಹನ್ನೆರಡರ ಸುಮಾರಿಗೆ ಎಚ್ಚರವಾಗಿ ನೋಡಿದರೆ ಒಲೆ ಹೂಡಿದ್ದ ಜಾಗದಲ್ಲಿ ಬೆಳದಿಂಗಳು ಬಿದ್ದ ನೀರು ಅಲುಗುತ್ತಿತ್ತು. ನೀರು ತೆಂಗಿನ ಬುಡ ಮುಟ್ಟಿತ್ತು. ಹನ್ನೊಂದು ಮಕ್ಕಳು ಮೇಲೆ ನಿದ್ರಿಸುತ್ತಿದ್ದರು. ಮತ್ತೆ ನನಗೆ ನಿದ್ರೆ ಬರಲಿಲ್ಲ.

ಬೆಳಿಗ್ಗೆ ಅವನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಅಂಕೋಲೆಗೆ ಬಂದೆ. ಹೋಟೆಲಿನಲ್ಲಿ ಎಲ್ಲರೊಡನೆ ತಿಂಡಿ ಕೊಡಿಸಿದೆ. ರಜೆ ಮುಗಿದ ಮೇಲೆ ಭರತಿ ಇಳಿತಗಳ ಪಾಠವನ್ನು ಅವನಿಂದಲೇ ಹೇಳಿಸಿದೆ. ದಿನದಿನಕ್ಕೆ ಭರತಿ ಸುಮಾರು ಮುಕ್ಕಾಲು ತಾಸು ತಡವಾಗುವುದನ್ನು ಅವನು ತಿಥಿಯ ಲೆಕ್ಕದಲ್ಲಿ ಬೆರಳು ಮಡಚಿ ತೋರಿಸಿದ. ಆದರೆ “ನಿನ್ನನ್ನು ಬಿಟ್ಟು ಹೋದದ್ದು ತಪ್ಪಾಯಿತು” ಎಂಬ ಒಂದು ಮಾತನ್ನು ಮಾತ್ರ ನಾನು ಹೇಳಲಿಲ್ಲ. ಮೇಷ್ಟ್ರಲ್ಲವೇ!

2024ರ ಜುಲೈ 16ರಂದು ಶಿರೂರಿನ ಆ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಜಾರಿತು. ಮಣ್ಣು ಬಿದ್ದ ರಭಸಕ್ಕೆ ನೀರು ಚಿಮ್ಮಿ ಎದುರು ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಹಲವು ಜೀವಗಳು ಹೋದವು. ಸುದ್ದಿ ತಿಳಿದಾಗ ನಾನು ಮೊದಲು ಫೋನ್ ಮಾಡಿದ್ದು ಅವನಿಗೆ. “ನಾವು ಆರಾಮ ಇದ್ದೇವೆ ಸರ್” ಎಂದ. ಸ್ವಲ್ಪ ತಡೆದು, “ನೀರು ಎಲ್ಲಿ ತನಕ ಬರ್ತದೆ ಅಂತ ನಮ್ಮ ಅಜ್ಜ ಹೇಳಿಕೊಟ್ಟಿದ್ದ. ಗುಡ್ಡವೇ ನೀರಿಗೆ ಬರ್ತದೆ ಅಂತ ಅವನಿಗೂ ಗೊತ್ತಿರಲಿಲ್ಲ” ಎಂದ. ಅಂದು ಮೂವತ್ತಾರು ವರ್ಷಗಳ ಹಿಂದಿನ ಮಾತನ್ನು ನಾನು ಹೇಳಿ ಮುಗಿಸಿದೆ. ಅವನು ನಕ್ಕು, “ಆ ಗಂಜಿ ಸೀದು ಹೋಗಿತ್ತು ಸರ್, ಅಷ್ಟೇ ನೆನಪು” ಎಂದ.

ಡ್ಯಾನ್ಯೂಬಿನ ಚಿತ್ರಗಳಲ್ಲಿ ಒಂದು ಪಸ್ಸೌ ಪುರಭವನದ ಗೋಡೆಯದು. ಯಾವ ವರ್ಷ ನೆರೆ ಎಷ್ಟು ಎತ್ತರಕ್ಕೆ ಬಂದಿತ್ತೆಂದು ಅದರ ಮೇಲೆ ಗೆರೆ ಎಳೆದು ಇಸವಿ ಬರೆದಿದ್ದಾರೆ. 1501ರ ಮಹಾಪೂರದ ನಂತರ ಅಷ್ಟು ನೀರು ಬಂದದ್ದು 2013ರಲ್ಲಂತೆ. ಐದು ಶತಮಾನಗಳ ನೆನಪು ದಾರಿಹೋಕನ ಕಣ್ಣಿಗೂ ಬೀಳುತ್ತದೆ. ನಮ್ಮಲ್ಲಿ ಅಂಥ ನೆನಪು ಬಹುಮಟ್ಟಿಗೆ ಹಿರಿಯರ ತಲೆಯಲ್ಲಿದೆ. ಅವರೊಂದಿಗೇ ಹೋಗುತ್ತಲೂ ಇದೆ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಕಾಳಿಯ ದಂಡೆಯ ಕಡವಾಡ, ಕೆರವಡಿಯವರಿರಲಿ, ಗಂಗಾವಳಿಯ ದಂಡೆಯವರಿರಲಿ, 2019ರ ಆಗಸ್ಟಿನ ನೆರೆಯಲ್ಲಿ ನಿಮ್ಮೂರಿನಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು, ಅದಕ್ಕೂ ಹಿಂದೆ ಎಲ್ಲಿಯವರೆಗೆ ಬಂದಿತ್ತೆಂದು ಮನೆಯ ಹಿರಿಯರನ್ನು ಕೇಳಿ ನನಗೆ ಬರೆದು ತಿಳಿಸಿ. ಯಾವ ಮೆಟ್ಟಿಲು, ಯಾವ ಮರ ಎಂದು ಹೇಳಿದರೂ ಸಾಕು. ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಡುತ್ತೇನೆ. ಮೊದಲನೆಯ ಸಾಲಿನಲ್ಲಿ ಮಂಜಗುಣಿಯ ತೆಂಗಿನ ಮರವನ್ನು ಆಗಲೇ ಬರೆದುಕೊಂಡಿದ್ದೇನೆ.