ತಿತಉ

ಪಾಠಶಾಲೆಯಲ್ಲಿ ಓದುತ್ತಿದ್ದಾಗ ‘ತಿತಉ’ ಎಂಬ ಶಬ್ದವನ್ನು ಕಲಿತಿದ್ದೆನು. ಸಂಧಿಯಾಗದೆ ಎರಡು ಸ್ವರಗಳು ಒತ್ತಿಗೊತ್ತಿ ನಿಲ್ಲುವ ಆ ಅಪೂರ್ವ ಶಬ್ದಕ್ಕೆ ಜರಡಿಯೆಂದು ಅರ್ಥ. ಅದು ವ್ಯಾಕರಣಕ್ಕಲ್ಲದೆ ಬೇರೊಂದಕ್ಕೆ ಒದಗೀತೆಂದು ನಾನು ಎಣಿಸಿರಲಿಲ್ಲ.

ಹೋದ ಕಾರ್ತಿಕದಲ್ಲಿ, ಮಧುವನಹಳ್ಳಿಯ ನಮ್ಮ ಮನೆಯಲ್ಲಿ, ಆರು ವರ್ಷದ ಮೊಮ್ಮಗನಿಗೆ ಹಿಡಿದ ಕೆಮ್ಮುಜ್ವರವು ಹತ್ತು ದಿನಗಳಾದರೂ ಇಳಿಯಲಿಲ್ಲ. ಕೊಳ್ಳೇಗಾಲದ ವೈದ್ಯರು ಎದೆಯ ಕ್ಷಕಿರಣಚಿತ್ರ ಬೇಕೆಂದರು. “ಎಳೆಯ ಮೈಗೆ ಆ ಕಿರಣ ಬೇಡವೇ ಬೇಡ” ಎಂದು ನನ್ನ ಮಡದಿ ಹಟ ಹಿಡಿದಳು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಅವಳನ್ನು ಸಮಾಧಾನಪಡಿಸುವ ಒಂದು ಮಾತೂ ತೋಚಲಿಲ್ಲ.

ಚಿತ್ರ ತೆಗೆಯುವ ತರುಣನನ್ನೇ ಕೇಳಿದೆನು. ಅವನು ಯಂತ್ರದ ಮುಖವನ್ನು ತೋರಿಸಿ, “ಇದರೊಳಗೆ ಲೋಹದ ತಗಡಿದೆ, ಮೇಷ್ಟ್ರೇ, ಕಿರಣವನ್ನು ಸೋಸಿಯೇ ಬಿಡುತ್ತೇವೆ” ಎಂದನು.

1895ರಲ್ಲಿ ರಾಂಟ್ಜೆನ್ ಮಹಾಶಯನು ಕಂಡುಹಿಡಿದ ಈ ಕಿರಣಗಳೆಲ್ಲವೂ ಸಮಬಲದವಲ್ಲ. ಕಠಿಣವಾದವು ದೇಹವನ್ನು ದಾಟಿ ಚಿತ್ರವನ್ನು ಮೂಡಿಸುತ್ತವೆ. ಮೃದುವಾದವುಗಳಾದರೋ ಚರ್ಮಮಾಂಸಗಳಲ್ಲಿಯೇ ಇಂಗಿಹೋಗುತ್ತವೆ. ಅವುಗಳಿಂದ ಚಿತ್ರಕ್ಕೆ ಲಾಭವಿಲ್ಲ, ಶರೀರಕ್ಕೆ ಹೊರೆ ಮಾತ್ರ. ಹೆಸರು ಮೃದು, ಕೆಲಸ ಕ್ರೂರ! ಅವುಗಳಲ್ಲಿ ಬಹುಭಾಗವನ್ನು ಲೋಹದ ತಗಡು ಮೊದಲೇ ತಡೆಯುತ್ತದೆ. ಮಕ್ಕಳ ಜೀವಕೋಶಗಳು ಬೇಗಬೇಗನೆ ವಿಭಜಿಸುವುವು. ಮುಂದೆ ಬಾಳಬೇಕಾದ ಕಾಲವೂ ದೀರ್ಘ. ಆದಕಾರಣ ಯೂರೋಪಿನ ತಜ್ಞರು 1996ರಲ್ಲಿ, ಮಕ್ಕಳ ಚಿತ್ರಕ್ಕೆ ಎಂದಿನ ಶೋಧಕದ ಮೇಲೆ 1 ಮಿಲಿಮೀಟರ್‌ವರೆಗೆ ಅಲ್ಯೂಮಿನಿಯಂ, 0.1 ಅಥವಾ 0.2 ಮಿಲಿಮೀಟರ್ ತಾಮ್ರ ಸೇರಿಸಬೇಕೆಂದು ಸೂಚಿಸಿದರು. 0.1 ಮಿಲಿಮೀಟರ್ ಎಂದರೆ ನಾವು ಬರೆಯುವ ಕಾಗದದಷ್ಟು ದಪ್ಪ!

ಆದರೆ ಈ ಜರಡಿಗೂ ಮಿತಿಯುಂಟು. ಅದು ಬೇಕಾದ ಕಿರಣಗಳಲ್ಲಿಯೂ ಕೊಂಚವನ್ನು ನುಂಗುವುದರಿಂದ ಯಂತ್ರವು ಹೆಚ್ಚು ದುಡಿಯಬೇಕು. ತಗಡು ಅತಿಯಾದರೆ ಚಿತ್ರದ ಕಪ್ಪುಬಿಳುಪುಗಳ ಅಂತರ ಕುಗ್ಗುವುದು. ಚಿತ್ರವು ಮಸುಕಾಗಿ ಮತ್ತೊಮ್ಮೆ ತೆಗೆಯಬೇಕಾದರೆ ಉಳಿಸಿದ್ದೆಲ್ಲವೂ ವ್ಯರ್ಥವಲ್ಲವೆ? ಅನಾವಶ್ಯಕವಾದ ಚಿತ್ರವನ್ನು ತೆಗೆಸದಿರುವುದೇ ಎಲ್ಲಕ್ಕೂ ಮೊದಲನೆಯ ಜರಡಿ.

ನಮ್ಮ ಹುಡುಗನಿಗೆ ಚಿತ್ರವು ಅವಶ್ಯವಾಗಿದ್ದಿತು. ಬಲಗಡೆಯ ಶ್ವಾಸಕೋಶದಲ್ಲಿ ಉರಿಯೂತ ಕಂಡಿತು. ತಕ್ಕ ಔಷಧ ದೊರೆಯಿತು. ಹೆದರಿ ಹಿಂದಿರುಗಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಎದೆ ನಡುಗುವುದು.

ಆ ರಾತ್ರಿ ಮಡದಿಗೆ ಇದೆಲ್ಲವನ್ನೂ ವಿವರಿಸಿದೆನು. ಅವಳು ರಾಗಿಹಿಟ್ಟನ್ನು ಜರಡಿಯಾಡುತ್ತ ಕೇಳಿ, “ಸೋಸಿ ಬಿಡುತ್ತಾರೆಂದು ಮೊದಲೇ ಒಂದು ಮಾತು ಹೇಳಿದ್ದರೆ ನಾನೇಕೆ ಅಡ್ಡಿ ಮಾಡುತ್ತಿದ್ದೆ?” ಎಂದಳು.

ಆ ಒಂದು ಮಾತು ಆಗ ನನಗೇ ತಿಳಿದಿರಲಿಲ್ಲವೆಂದು ಒಪ್ಪಿಕೊಂಡೆನು.