ಅಜ್ಜಿ ಸುಮ್ಮನಾದ ನಾಲ್ಕು ತಿಂಗಳು

ಮಗನಿಗೆ 2 ವರ್ಷ ತುಂಬಿದಾಗ ಅವನ ಬಾಯಲ್ಲಿ ಇದ್ದದ್ದು ನಾಲ್ಕೇ ಮಾತು. ಅಮ್ಮ, ತಾತ, ಬೌ ಬೌ, ಮತ್ತೆ ಎಲ್ಲದಕ್ಕೂ ಒಂದು 'ಹಾ'. 'ಅಪ್ಪ' ಇರಲಿಲ್ಲ. ಒಳಗೊಳಗೇ ಚುಚ್ಚುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಸಲಹೆಗಳಿಗೇನು ಬರ? 'ಗಂಡು ಮಕ್ಕಳಿಗೆ ಮಾತು ತಡ ಕಣೋ, ನಿಂಗೂ ಮೂರು ವರ್ಷಕ್ಕೇ ಬಂದಿದ್ದು' ಅಂದರು ತಿಪಟೂರಿನ ದೊಡ್ಡಮ್ಮ. ನನ್ನ ಅಮ್ಮ ಜೇನುತುಪ್ಪದಲ್ಲಿ ಬಜೆ ತೇಯ್ದು ಅವನ ನಾಲಿಗೆಗೆ ಹಚ್ಚಿದಳು. ಪ್ಲೇಹೋಮಿನ ಮಿಸ್ಸು, 'ಎರಡೆರಡು ಲ್ಯಾಂಗ್ವೇಜು ಕೇಳಿ ಕನ್‌ಫ್ಯೂಸ್ ಆಗ್ತಿದಾನೆ ಸರ್, ಮನೇಲೂ ಇಂಗ್ಲಿಷಲ್ಲೇ ಮಾತಾಡಿ' ಅಂದರು.

ಇದೊಂದು ಮಾತ್ರ ನಮಗೆ ಸೈಂಟಿಫಿಕ್ ಅನ್ನಿಸಿತು! ಅವತ್ತಿನಿಂದ ಮನೆಯಲ್ಲಿ ಕನ್ನಡ ಬಂದ್. ದಿನವಿಡೀ ಮೀಟಿಂಗಿನಲ್ಲಿ ಇಂಗ್ಲಿಷ್ ಮಾತಾಡೋ ನನಗೆ, ಮಗನನ್ನ ಮುದ್ದು ಮಾಡೋಕೆ ಆ ಭಾಷೆಯಲ್ಲಿ ಹತ್ತು ಪದಕ್ಕಿಂತ ಹೆಚ್ಚು ಸಿಗಲಿಲ್ಲ. ಇನ್ನು ನಾವಿಬ್ಬರೂ ಆಫೀಸಿಗೆ ಹೋದ ಮೇಲೆ ಅವನ ಜೊತೆ ಇರುತ್ತಿದ್ದದ್ದು ಅಮ್ಮ. ಅವಳಿಗೆ ಇಂಗ್ಲಿಷ್ ಬರಲ್ಲ. ಕಾಗೆ, ಗುಬ್ಬಿ, ಹಾಲಿನವನು, ಕುಕ್ಕರ್ ಕೂಗಿದ್ದು, ಎಲ್ಲವನ್ನೂ ಅವನಿಗೆ ವಟವಟ ಅಂತ ವರದಿ ಮಾಡುತ್ತಿದ್ದವಳು, ಮೊಮ್ಮಗನಿಗೆ ತೊಂದರೆ ಆಗಬಾರದು ಅಂತ ಸುಮ್ಮನಾಗಿಬಿಟ್ಟಳು. ಸನ್ನೆಯಲ್ಲೇ ಊಟ ಮಾಡಿಸುತ್ತಿದ್ದಳು.

ನಾಲ್ಕು ತಿಂಗಳು ಕಳೆಯಿತು. ನಾಲ್ಕು ಮಾತು ಐದಾಗಲಿಲ್ಲ. ಜ್ವರ ಅಂತ ತೋರಿಸಲು ಹೋದಾಗ ಮಕ್ಕಳ ಡಾಕ್ಟರು, '2 ವರ್ಷಕ್ಕೆ ಸುಮಾರು 50 ಪದ ಇರಬೇಕು, ಎರಡೆರಡು ಪದ ಜೋಡಿಸಬೇಕು. ಇನ್ನು ಕಾಯಬೇಡಿ' ಅಂದರು. ಮೈಸೂರಿನ ಮಾನಸಗಂಗೋತ್ರಿಗೆ ಹೊರಟೆವು. ಅಲ್ಲಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಗಿದ್ದು 1965ರಲ್ಲಿ. ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಅದರ ಮುಂದೇನೇ ಓಡಾಡಿದ್ದೆ, ಒಳಗೆ ಏನು ಮಾಡ್ತಾರೆ ಅಂತ ಒಂದು ದಿನ ಕೇಳಿದವನಲ್ಲ.

ಮಾತು ತಡವಾದರೆ ಮೊದಲು ನೋಡಬೇಕಾದ್ದು ನಾಲಿಗೆಯನ್ನಲ್ಲ, ಕಿವಿಯನ್ನ. ಮಗುವನ್ನ ಮಲಗಿಸಿ, ತಲೆಗೆ ವೈರ್ ಅಂಟಿಸಿ ಪರೀಕ್ಷೆ ಮಾಡಿದರು. ಕಿವಿ ಚೆನ್ನಾಗಿತ್ತು. ಹೇಳಿದ್ದು ಅರ್ಥವೂ ಆಗುತ್ತಿತ್ತು. ಆಡೋದು ಮಾತ್ರ ಹಿಂದಿತ್ತು.

'ಮನೇಲಿ ಯಾವ ಭಾಷೆ?' ಕೇಳಿದರು ಥೆರಪಿಸ್ಟ್.

'ಓನ್ಲಿ ಇಂಗ್ಲಿಷ್, ಮೇಡಂ' ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

'ನೀವಿಬ್ಬರೂ ಜಗಳ ಆಡೋದು?'

ಮುಖ ಮುಖ ನೋಡಿಕೊಂಡೆವು. 'ಕನ್ನಡದಲ್ಲಿ.'

'ಹಾಗಾದ್ರೆ ಅವನ ಹತ್ರಾನೂ ಕನ್ನಡದಲ್ಲೇ ಮಾತಾಡಿ.'

ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗಲ್ಲವಂತೆ. 'ಇದೇನು ಹೇಳು, ಅದೇನು ಹೇಳು' ಅಂತ ಪರೀಕ್ಷೆ ಮಾಡಬೇಡಿ ಅಂದರು. ಮಾಡ್ತಿರೋ ಕೆಲಸವನ್ನ ಮಾತಲ್ಲಿ ಹೇಳ್ತಾ ಹೋಗಿ, ಆಮೇಲೆ ಅವನ ಸರದಿಗೆ ಕಾಯಿರಿ. ಅವನು 'ಕಾರು' ಅಂದರೆ ನೀವು 'ಕೆಂಪು ಕಾರು' ಅನ್ನಿ.

'ಇದನ್ನೇ ಅಲ್ವೇನೋ ನಾನು ಮೊದಲು ಮಾಡ್ತಿದ್ದಿದ್ದು?' ಅಂದಳು ಅಮ್ಮ, ಮೆಲ್ಲಗೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಅವನಿಗೆ ಮೂರೂವರೆ. ವಾರಕ್ಕೆ ಎರಡು ದಿನ ಇಲ್ಲೇ ಬೆಂಗಳೂರಲ್ಲಿ ಥೆರಪಿ. ವಾರಿಗೆಯ ಮಕ್ಕಳಿಗಿಂತ ಇನ್ನೂ ಹಿಂದೆಯೇ ಇದ್ದಾನೆ, ಮುಂದೆ ಹೇಗೋ ಅನ್ನೋ ಭಯ ಪೂರ್ತಿ ಹೋಗಿಲ್ಲ. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ಕಾಯುತ್ತಾ ಕೂರಬೇಡಿ, ಮೊದಲು ಕಿವಿ ತೋರಿಸಿ. ಮನೆಯಲ್ಲಿ ಮಾತಾಡುವವರ ಬಾಯಿ ಮಾತ್ರ ಮುಚ್ಚಿಸಬೇಡಿ.

ಮೊನ್ನೆ ಹಾಲ್‌ನಲ್ಲಿ ಕೂತು ಆಫೀಸ್ ಕಾಲ್‌ನಲ್ಲಿದ್ದೆ. ಅಜ್ಜಿಯ ತೊಡೆ ಮೇಲಿಂದಲೇ ತಿರುಗಿ ನೋಡಿ ಗದರಿದ:

'ಅಪ್ಪ, ಚುಮ್ನಿಲು. ಅಜ್ಜಿ ಕತೆ.'

ಮ್ಯೂಟ್ ಒತ್ತಿದೆ.