ಕಾರಿನ ಸಂಗೀತ: ಜೆ.ಸಿ. ರಸ್ತೆಯಿಂದ ಕಂಪನಿ ಫಿಟ್ಟಿಂಗ್‌ವರೆಗೆ

ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಹೊಸ ಕಾರು ತೆಗೆದುಕೊಂಡವರು ಮೊದಲು ದೇವಸ್ಥಾನಕ್ಕೆ ಹೋಗುತ್ತಿದ್ದರು, ಆಮೇಲೆ ಜೆ.ಸಿ. ರಸ್ತೆಗೆ ಬರುತ್ತಿದ್ದರು. ಸೀಟ್ ಕವರ್, ರಬ್ಬರ್ ಮ್ಯಾಟ್, ಕೊನೆಗೆ ಸ್ಟೀರಿಯೋ. ಅಂಬಾಸಡರ್ ಇರಲಿ, ಪ್ರೀಮಿಯರ್ ಪದ್ಮಿನಿ ಇರಲಿ, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಇರಲಿ, ಹಾಡು ಕೇಳಿಸುವುದು ಕಾರು ತಯಾರಿಸಿದವರ ಹೊಣೆಯಾಗಿರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ಖಾಲಿ ಕಿಂಡಿ ಇದ್ದರೆ ಅದೇ ಹೆಚ್ಚು. ಇಲ್ಲದಿದ್ದರೆ ಕೆಳಗೆ ಪಟ್ಟಿ ಹೊಡೆದು ಸೆಟ್ಟನ್ನು ತೂಗುಹಾಕಬೇಕು. ಆ ಖಾಲಿ ಜಾಗವನ್ನು ನಂಬಿ ಬದುಕಿದ ಅಂಗಡಿಗಳಲ್ಲಿ ನನ್ನ ಸೋದರಮಾವನದೂ ಒಂದು. ಡಿಪ್ಲೊಮಾ ಓದುತ್ತಿದ್ದಾಗ ಸಂಜೆ ಹೊತ್ತು ಅಲ್ಲಿ ಕೆಲಸಕ್ಕೆ ನಿಂತೆ, ಓದು ಮುಗಿದ ಮೇಲೆ ಅದೇ ನನ್ನ ಕಸುಬಾಯಿತು.

ಅಂಗಡಿಗೆ ಬರುತ್ತಿದ್ದ ಸೆಟ್ಟುಗಳಲ್ಲಿ ಎರಡು ಜಾತಿ. ಒಂದು, ಇಲ್ಲೇ ಜೋಡಿಸಿದ್ದು. ಇನ್ನೊಂದು, ಗಲ್ಫ್‌ನಲ್ಲಿದ್ದ ನೆಂಟರು ಬಟ್ಟೆಗಳ ನಡುವೆ ಸುತ್ತಿಟ್ಟು ತಂದ ಪಯನೀರ್, ಕೆನ್‌ವುಡ್, ಸೋನಿ. ಎರಡನೆಯದನ್ನು ಕೂರಿಸುವ ದಿನ ಮಾಲೀಕರು ನಮ್ಮ ಪಕ್ಕದಲ್ಲೇ ನಿಂತಿರುತ್ತಿದ್ದರು. ಡೆಕ್ ಮುಂದೆ, ಹಿಂದಿನ ಗಾಜಿನ ಕೆಳಗಿನ ಟ್ರೇಯಲ್ಲಿ ಆರು ಇಂಚು ಅಗಲ ಒಂಬತ್ತು ಇಂಚು ಉದ್ದದ ಎರಡು ಓವಲ್ ಸ್ಪೀಕರು. ಬಾಗಿಲಲ್ಲಿ ದೊಡ್ಡ ಸ್ಪೀಕರಿಗೆ ಜಾಗವಿರುತ್ತಿರಲಿಲ್ಲ. ಹಿಂದಿನ ಟ್ರೇಯಲ್ಲಿ ಪ್ಲೈವುಡ್ ಕೊರೆದು ಕೂರಿಸಿದರೆ ಇಡೀ ಡಿಕ್ಕಿಯೇ ಸ್ಪೀಕರ್ ಪೆಟ್ಟಿಗೆಯಾಗಿ ಬೇಸ್ ತುಂಬಿಕೊಂಡು ಬರುತ್ತಿತ್ತು. ಆದರೆ ಹಾಡುವವರು ಮಾತ್ರ ಓಡಿಸುವವರ ಕತ್ತಿನ ಹಿಂದೆ ಕೂತು ಹಾಡುತ್ತಿದ್ದರು. ಕಛೇರಿಯಲ್ಲಿ ಗಾಯಕರಿಗೆ ಬೆನ್ನು ಹಾಕಿ ಕೂರುವವರು ಯಾರೂ ಇಲ್ಲ. ಕಾರಿನಲ್ಲಿ ಮಾತ್ರ ನಾವೆಲ್ಲ ಹಾಗೆಯೇ ಕೇಳಿದೆವು, ಅದನ್ನೇ ಒಳ್ಳೆಯ ಸದ್ದು ಎಂದೆವು.

ಆ ಕಾಲದ ಸದ್ದನ್ನು ಈಗ ಹೊಗಳುವವರು ಸಿಗುತ್ತಾರೆ. ಅದನ್ನು ಕೈಯಾರೆ ಕೂರಿಸಿದವನಾಗಿ ಹೇಳುತ್ತೇನೆ, ಬಹುಪಾಲು ಕಾರುಗಳಲ್ಲಿ ಅದು ಕೆಟ್ಟದಾಗಿತ್ತು. ಅರ್ತ್ ಸರಿ ಕೂರದಿದ್ದರೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಡೈನಮೋದ ಕೊರೆತ ಹಾಡಿನೊಳಗೆ ಏರುತ್ತಿತ್ತು. ಪ್ಲಗ್ಗಿನ ಕಿಡಿ ರೇಡಿಯೋದಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಕರೆಂಟು ತಂತಿಯ ಕೆಳಗೆ ಹಾಯುವಾಗ ಗೊರಗುಟ್ಟುತ್ತಿತ್ತು. ಬಿಸಿಲಿಗೆ ಬಿಟ್ಟ ಕ್ಯಾಸೆಟ್ಟು ಸೊಟ್ಟಗಾಗಿ ಡೆಕ್ಕಿನೊಳಗೆ ಸಿಕ್ಕಿಕೊಳ್ಳುತ್ತಿತ್ತು. ಟೇಪಿನ ಪುಡಿ ಕೂತ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸದಿದ್ದರೆ ಸಿ. ಅಶ್ವತ್ಥ್ ಹಾಡಿದ ಶರೀಫರ ಪದಗಳು ಕಂಬಳಿ ಹೊದ್ದಂತೆ ಮಂಕಾಗುತ್ತಿದ್ದವು. ಮಳೆಗಾಲದಲ್ಲಿ ಬಾಗಿಲೊಳಗೆ ಇಳಿದ ನೀರಿಗೆ ಕಾಗದದ ಕೋನ್ ನೆಂದು ಹರಿಯುತ್ತಿತ್ತು. ಬಾಗಿಲ ತಗಡಿಗೆ ಯಾವ ಡ್ಯಾಂಪಿಂಗೂ ಇಲ್ಲದ್ದರಿಂದ ಸ್ಪೀಕರಿನ ಜೊತೆ ಅದೂ ನಡುಗುತ್ತಿತ್ತು.

ಡಬ್ಬದ ಮೇಲಿನ ಸಂಖ್ಯೆಯ ಕಾಲವೂ ಅದೇ. ತೊಂಬತ್ತರ ದಶಕದಲ್ಲಿ ‘50 ವ್ಯಾಟ್ ಇಂಟು 4’ ಎಂದು ಬರೆದಿರದ ಡೆಕ್ ಮಾರಾಟವಾಗುವುದೇ ಕಷ್ಟವಾಗಿತ್ತು. ಲೆಕ್ಕ ಹಾಕಿದರೆ ಆ ಸಂಖ್ಯೆ ನಿಲ್ಲುವುದಿಲ್ಲ. ಕಾರಿನ ಬ್ಯಾಟರಿ 12 ವೋಲ್ಟಿನದು, ಎಂಜಿನ್ ಓಡುವಾಗ 14ರ ಸುಮಾರಿಗೆ ಏರುತ್ತದೆ. ಆ ವೋಲ್ಟೇಜಿನಿಂದ ನಾಲ್ಕು ಓಮಿನ ಸ್ಪೀಕರಿಗೆ ಡೆಕ್ಕಿನೊಳಗಿನ ಐಸಿ ಸದ್ದು ಒಡೆಯದಂತೆ ಕೊಡಬಲ್ಲದ್ದು ಸೂತ್ರದ ಪ್ರಕಾರವೇ 25 ವ್ಯಾಟಿನ ಆಸುಪಾಸು, ಕಾರಿನಲ್ಲಿ ಅದಕ್ಕೂ ಕಡಿಮೆ. ಅದಕ್ಕಿಂತ ಹೆಚ್ಚು ಬೇಕೆಂದರೆ ವೋಲ್ಟೇಜನ್ನು ತಾನೇ ಏರಿಸಿಕೊಳ್ಳುವ ಬೇರೆ ಆಂಪ್ಲಿಫೈಯರ್ ಹಾಕಬೇಕು, ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್ ಎಳೆಯಬೇಕು. ಮಾವ ಇದನ್ನು ಕೇಳಿದವರಿಗೆಲ್ಲ ಬಿಡಿಸಿ ಹೇಳುತ್ತಿದ್ದರು. “ಸ್ವಾಮಿ, ಡಬ್ಬ ಓದಬೇಡಿ, ಹಾಡು ಹಾಕ್ತೀನಿ, ಕೇಳಿ” ಎಂದು ಕ್ಯಾಸೆಟ್ಟು ತುರುಕುತ್ತಿದ್ದರು.

ಆ ಅಂಗಡಿಯ ನಿಜವಾದ ಗುಣ ಇದ್ದದ್ದು ಇನ್ನೊಂದು ಕಡೆ. ಕೆ.ಆರ್. ಮಾರ್ಕೆಟ್ಟಿನ ಟ್ಯಾಕ್ಸಿ ಚಾಲಕರು ಈ ತಿಂಗಳು ಡೆಕ್ ಕೂರಿಸಿಕೊಂಡು ಹೋಗುತ್ತಿದ್ದರು, ದಸರೆಯ ಬಾಡಿಗೆ ಚೆನ್ನಾಗಿ ಆದರೆ ಓವಲ್ ಸ್ಪೀಕರಿಗೆ ಬರುತ್ತಿದ್ದರು, ಮುಂದಿನ ವರ್ಷ ಆಂಪ್. ಸದ್ದು ಕಂತುಕಂತಾಗಿ ಬೆಳೆಯುತ್ತಿತ್ತು. ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದಿತ್ತು. ಹಳೆಯ ಅಂಬಾಸಡರಿಗೂ ಹೊಸ ಮಾರುತಿಗೂ ಅದೇ ಆಂಪ್ ಹೊಂದುತ್ತಿತ್ತು. ಕಾರು ಮಾರುವಾಗ ಸೆಟ್ಟನ್ನು ಬಿಚ್ಚಿಸಿಕೊಂಡು ಮುಂದಿನ ಕಾರಿಗೆ ಹಾಕಿಸುತ್ತಿದ್ದರು.

ನಾವು ಹೀಗೆ ತಗಡು ಕೊರೆಯುತ್ತಿದ್ದಾಗ ಅಮೆರಿಕದಲ್ಲಿ ಬೇರೆಯೇ ಯೋಚನೆ ಆಗಲೇ ರಸ್ತೆಗಿಳಿದಿತ್ತು. ಬಂಗಾಳದಿಂದ ಅಲ್ಲಿಗೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅಮರ್ ಬೋಸ್, ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡೇ 1964ರಲ್ಲಿ ತಮ್ಮ ಕಂಪನಿ ಕಟ್ಟಿದವರು. ಅವರ ತಂಡ ಜನರಲ್ ಮೋಟರ್ಸ್ ಜೊತೆ ಸೇರಿ 1983ರ ಮಾಡೆಲ್ಲಿನ ಕ್ಯಾಡಿಲ್ಯಾಕ್ ಸೆವಿಲ್‌ನಂಥ ಕಾರುಗಳಿಗೆ ಕಾರ್ಖಾನೆಯಲ್ಲೇ ಕೂರಿಸುವ ಸೌಂಡ್ ಸಿಸ್ಟಮ್ ತಂದಿತು. ಮನೆಯ ಕೋಣೆ ಒಬ್ಬೊಬ್ಬರದು ಒಂದೊಂದು ಥರ. ಒಂದು ಮಾಡೆಲ್ಲಿನ ಕಾರುಗಳ ಒಳಗು ಮಾತ್ರ ಎಲ್ಲವೂ ಒಂದೇ ಅಳತೆ: ಗಾಜು ಎಲ್ಲಿದೆ, ಸೀಟಿನ ಬಟ್ಟೆ ಎಷ್ಟು ಸದ್ದು ಹೀರುತ್ತದೆ, ಕೇಳುವವರ ಕಿವಿ ಎಲ್ಲಿರುತ್ತದೆ ಎಂಬುದೆಲ್ಲ ಮೊದಲೇ ಗೊತ್ತು. ಹಾಗಾದರೆ ಸದ್ದನ್ನು ಆ ಕಾರಿಗೆಂದೇ ಹೊಲಿಯಬಹುದು. ನಮ್ಮ ಕಸುಬಿಗೆ ಕೊನೆ ಬರೆದದ್ದು ಈ ಯೋಚನೆ. ನಮ್ಮ ಊರಿನವರೆಗೆ ಅದು ಬರಲು ಮೂರು ದಶಕ ಹಿಡಿಯಿತು.

ಬಂದದ್ದು ಹಂತಹಂತವಾಗಿ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್ಎಂ ಬೆಂಗಳೂರಿನಲ್ಲೇ ಶುರುವಾದಾಗ ಅಂಗಡಿಯ ಮುಂದೆ ಸಾಲು ನಿಂತಿತ್ತು. ಆಮೇಲೆ ಕಾರುಗಳು ಡೆಕ್ ಸಮೇತ ಬರತೊಡಗಿದವು. ಟಾಟಾ 2014ರ ಝೆಸ್ಟ್‌ನಲ್ಲಿ ಹರ್ಮನ್ ಹೆಸರನ್ನು ಸಣ್ಣ ಕಾರಿಗೆ ತಂದಿತು. 2019ರ ಹ್ಯಾರಿಯರ್‌ನಲ್ಲಿ ಜೆಬಿಎಲ್, ಅದೇ ವರ್ಷದ ಕಿಯಾ ಸೆಲ್ಟೋಸ್‌ನಲ್ಲಿ ಬೋಸ್, 2021ರ ಎಕ್ಸ್‌ಯುವಿ 700ರಲ್ಲಿ ಸೋನಿಯ 12 ಸ್ಪೀಕರು, 2024ರ ಥಾರ್ ರಾಕ್ಸ್‌ನಲ್ಲಿ ಹರ್ಮನ್ ಕಾರ್ಡನ್. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನ ಮೇಲಿನ ಮಾಡೆಲ್ಲಿನಲ್ಲೂ ಜೆಬಿಎಲ್. ಖಾಲಿ ಕಿಂಡಿ ಇದ್ದ ಜಾಗದಲ್ಲಿ ಈಗ ಟಿವಿಯಷ್ಟು ಅಗಲದ ಪರದೆ.

ತಂಗಿಯ ಮಗಳು ಕಾರು ನೋಡಲು ಹೊರಟಾಗ ನನ್ನನ್ನೂ ಕರೆದುಕೊಂಡು ಹೋದಳು. “ಮಾಮ, ಎರಡರಲ್ಲೂ ಎಂಟೇ ಸ್ಪೀಕರ್ ಅಂತೆ. ಯಾವುದು ತಗೊಂಡ್ರೂ ಸೌಂಡು ಒಂದೇ ಅಲ್ವಾ?” ಅವಳ ಪ್ರಶ್ನೆ ಇವತ್ತು ಶೋರೂಮಿಗೆ ಹೋಗುವ ಎಲ್ಲರದ್ದು. ವ್ಯಾಟಿನ ಜಾಗದಲ್ಲಿ ಈಗ ಸ್ಪೀಕರಿನ ಎಣಿಕೆ ಬಂದಿದೆ. 2017ರಲ್ಲಿ ಬಂದ ಟಾಟಾ ನೆಕ್ಸಾನ್‌ನ ಎಂಟು ಎಂದರೆ ನಾಲ್ಕು ಸ್ಪೀಕರು, ನಾಲ್ಕು ಟ್ವೀಟರು. 2020ರ ಹುಂಡೈ ಕ್ರೆಟಾದ ಬೋಸ್ ಎಂಟರಲ್ಲಿ ಡ್ಯಾಶ್‌ಬೋರ್ಡಿನ ನಡುವೆ ಒಂದು ಸ್ಪೀಕರು, ಹಿಂದೆ ಒಂದು ಸಬ್ ವೂಫರ್ ಸೇರಿವೆ. ಎರಡೂ ಎಂಟೇ, ಮಾಡುವ ಕೆಲಸ ಬೇರೆ. ನಡುವಿನ ಸ್ಪೀಕರು ದನಿಯನ್ನು ಮುಂದಕ್ಕೆ ಹಿಡಿದು ನಿಲ್ಲಿಸುತ್ತದೆ. ಸಬ್ ವೂಫರ್ ಇದ್ದರೆ ಬಾಗಿಲ ಸ್ಪೀಕರಿಗೆ ಕೆಳಸ್ಥಾಯಿಯ ಭಾರ ಇಳಿದು ಮಾತು ತಿಳಿಯಾಗುತ್ತದೆ.

ಹೆಸರುಗಳ ಹಿಂದೆಯೂ ನೋಡಬೇಕು. ಹರ್ಮನ್ ಕಾರ್ಡನ್, ಜೆಬಿಎಲ್, ಇನ್ಫಿನಿಟಿ, ಲೆಕ್ಸಸ್‌ನ ಮಾರ್ಕ್ ಲೆವಿನ್ಸನ್ ಎಲ್ಲವೂ ಹರ್ಮನ್ ಎಂಬ ಒಂದೇ ಮನೆತನದವು. ಆ ಮನೆತನವನ್ನು 2017ರಲ್ಲಿ ಸ್ಯಾಮ್‌ಸಂಗ್ 800 ಕೋಟಿ ಡಾಲರ್ ಕೊಟ್ಟು ಕೊಂಡಿತು. ಬೇರೆ ಬೇರೆ ಬಿಲ್ಲೆ ಇದ್ದ ಮಾತ್ರಕ್ಕೆ ಹುಟ್ಟು ಬೇರೆ ಎನ್ನಲಾಗದು, ಒಂದೇ ಬಿಲ್ಲೆ ಇದ್ದ ಮಾತ್ರಕ್ಕೆ ಸದ್ದು ಒಂದೇ ಎನ್ನಲೂ ಆಗದು. ಕಾರು ಕಂಪನಿ ಎಷ್ಟು ಹಣ ಇಟ್ಟಿತು, ಬಾಗಿಲ ತಗಡು ಎಷ್ಟು ಗಟ್ಟಿ, ಟ್ಯೂನ್ ಮಾಡಲು ಎಷ್ಟು ಸಮಯ ಸಿಕ್ಕಿತು, ಸದ್ದನ್ನು ತೀರ್ಮಾನಿಸುವುದು ಇವು. ಒಂದೇ ಹೆಸರಿನ ಎರಡು ಕಾರುಗಳಲ್ಲಿ ಕೂತಾಗ ಒಂದರಲ್ಲಿ ವೀಣೆಯ ಮೀಟು ಬಿಡಿಬಿಡಿಯಾಗಿ ಕೇಳಿತು, ಇನ್ನೊಂದರಲ್ಲಿ ಅದರ ಮೇಲೆ ಬೇಸ್ ಮುಚ್ಚಿಕೊಂಡಿತ್ತು.

ಹೋಲಿಸಲು ನಾನು ಬಳಸುವುದು ಹಳೆಯ ಕನ್ನಡ ಚಿತ್ರಗೀತೆ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ಅರವತ್ತರ ದಶಕದ ಹಾಡುಗಳು ಮೋನೋ ಮುದ್ರಣ, ಎಡಕ್ಕೂ ಬಲಕ್ಕೂ ಹೋಗುವುದು ಒಂದೇ ಸದ್ದು. ಕಾರಿನಲ್ಲಿ ಓಡಿಸುವವರು ಬಲಕ್ಕೆ ಕೂತಿರುತ್ತಾರೆ, ಬಲ ಬಾಗಿಲ ಸ್ಪೀಕರು ಅವರಿಗೆ ಹತ್ತಿರ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಎಡದ ಸ್ಪೀಕರು 60-70 ಸೆಂಟಿಮೀಟರ್ ಹೆಚ್ಚು ದೂರವಿದ್ದರೆ ಅಲ್ಲಿಯ ಸದ್ದು ಸುಮಾರು ಎರಡು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟು ಸಾಕು, ಹಾಡುವವರು ಬಲ ಬಾಗಿಲಿಗೆ ಅಂಟಿಕೊಂಡಂತೆ ಕೇಳುತ್ತದೆ. ಒಳ್ಳೆಯ ಸಿಸ್ಟಮ್ಮಿನಲ್ಲಿ ಸದ್ದನ್ನು ಸಂಸ್ಕರಿಸುವ ಡಿಎಸ್‌ಪಿ ಚಿಪ್ಪು ಬಲದ ಸದ್ದನ್ನು ಅಷ್ಟೇ ಹೊತ್ತು ತಡೆದು ಕಳಿಸುತ್ತದೆ. ಆಗ ದನಿ ಸ್ಟೀರಿಂಗ್ ಮುಂದೆಯೋ ಡ್ಯಾಶ್‌ಬೋರ್ಡಿನ ನಡುವೆಯೋ ಒಂದೇ ಕಡೆ ನಿಲ್ಲುತ್ತದೆ. ಸರೌಂಡ್ ಆಫ್ ಮಾಡಿ, ಈಕ್ವಲೈಜರ್ ಸೊನ್ನೆಗೆ ತಂದು, ಆ ಹಾಡು ಹಾಕಬೇಕು. ದನಿ ಚೆದುರಿದರೆ ಬಿಲ್ಲೆ ಯಾವುದೇ ಇರಲಿ, ಟ್ಯೂನಿಂಗ್ ಸರಿಯಿಲ್ಲ.

ಎರಡನೆಯ ಪರೀಕ್ಷೆ ಓಡುವ ಕಾರಿನಲ್ಲಿ. ನಿಂತ ಕಾರಿನಲ್ಲಿ ಎಲ್ಲವೂ ಚೆನ್ನ. ರಸ್ತೆಯ ಮತ್ತು ಟೈರಿನ ಗದ್ದಲ ಹೆಚ್ಚಾಗಿ ಕೆಳಸ್ಥಾಯಿಯದು. ಅದು ಮೊದಲು ನುಂಗುವುದು ಮೃದಂಗದ ಎಡಮುಚ್ಚಿಗೆಯನ್ನು, ತಂಬೂರಿಯ ಮಂದ್ರ ಷಡ್ಜವನ್ನು. ಎಸಿ ಹಾಕಿ, ಮೈಸೂರು ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ, ಪಕ್ಕದವರ ಜೊತೆ ಮಾತಾಡಬಹುದಾದಷ್ಟು ಸಣ್ಣ ಸದ್ದಿನಲ್ಲಿ ಭೀಮಸೇನ ಜೋಶಿಯವರ ದಾಸರಪದದ ಸಾಹಿತ್ಯ ಅಕ್ಷರಕ್ಷರ ತಿಳಿದರೆ ಆ ಸಿಸ್ಟಮ್ಮಿಗೆ ಕೊಟ್ಟ ಹಣ ಸಾರ್ಥಕ. ಫೋನಿನಿಂದ ಬ್ಲೂಟೂತ್‌ನಲ್ಲಿ ಕೇಳುವುದಕ್ಕಿಂತ ವೈರ್ ಹಾಕಿ ಕೇಳಿ ತೀರ್ಮಾನಿಸುವುದು ಒಳ್ಳೆಯದು. ಬ್ಲೂಟೂತ್ ಸದ್ದನ್ನು ಹಿಂಡಿ ಕಳಿಸುತ್ತದೆ, ಸಿಸ್ಟಮ್ ಒಳ್ಳೆಯದಾದಷ್ಟೂ ಆ ಕೊರತೆ ಎದ್ದು ಕಾಣುತ್ತದೆ.

ನಾನು ಕೇಳಿದ್ದರಲ್ಲಿ ಎಲ್ಲಕ್ಕಿಂತ ಮೇಲಿನದು ಪರಿಚಯದವರ ವೋಲ್ವೊ ಎಕ್ಸ್‌ಸಿ 90ಯಲ್ಲಿದ್ದ ಬೋವರ್ಸ್ ಆ್ಯಂಡ್ ವಿಲ್ಕಿನ್ಸ್: 19 ಸ್ಪೀಕರು, 1400 ವ್ಯಾಟ್. ಸ್ವೀಡನ್ನಿನ ಗೋಥನ್‌ಬರ್ಗ್ ಸಂಗೀತ ಸಭಾಂಗಣದ ಗುಂಗನ್ನು ಲೆಕ್ಕಹಾಕಿ ಕೊಡುವ ಒಂದು ಮೋಡ್ ಅದರಲ್ಲಿದೆ. ಆ ಮೋಡ್ ಆರಿಸಿ ಕೇಳಿದಾಗಲೇ ನನಗೆ ಅದು ಹಿಡಿಸಿದ್ದು: ಗಂಗೂಬಾಯಿ ಹಾನಗಲ್ ಅವರ ದನಿ ಗಾಜಿನ ಎತ್ತರದಲ್ಲಿ, ಎದುರಿಗೆ, ಯಾವ ಸ್ಪೀಕರಿನ ಸುಳಿವೂ ಇಲ್ಲದೆ ನಿಂತಿತ್ತು. ಜೆ.ಸಿ. ರಸ್ತೆಯಲ್ಲಿ ನಾವು ಕೂರಿಸಿದ ಅತಿ ದುಬಾರಿ ಸೆಟ್ಟೂ ಅದರ ಹತ್ತಿರ ಬರುತ್ತಿರಲಿಲ್ಲ. ಹದಿನೈದು ಲಕ್ಷದ ಕಾರಿನ ಒಳ್ಳೆಯ ಸಿಸ್ಟಮ್ಮುಗಳೂ ನಮ್ಮ ಬಹುಪಾಲು ಕೆಲಸಕ್ಕಿಂತ ಮೇಲು. ಇದರಲ್ಲಿ ಅನುಮಾನವಿಲ್ಲ.

ಹೋದದ್ದು ಏನು ಎಂದರೆ, ಕೇಳುವವರ ಕೈಯಲ್ಲಿದ್ದ ಆಯ್ಕೆ. ಇಂದು ಒಳ್ಳೆಯ ಸದ್ದು ಹೆಚ್ಚಾಗಿ ಟಾಪ್ ಎಂಡ್ ಮಾಡೆಲ್ಲಿನ ಜೊತೆಗೇ ಬರುತ್ತದೆ. ಅದು ಬೇಕೆಂದರೆ ಸನ್‌ರೂಫ್, ತಂಪು ಸೀಟು, 360 ಡಿಗ್ರಿ ಕ್ಯಾಮೆರಾ ಎಲ್ಲದಕ್ಕೂ ಲಕ್ಷಗಳಲ್ಲಿ ತೆರಬೇಕು. ಕೆಳಗಿನ ಮಾಡೆಲ್ ಕೊಂಡು ಹೊರಗೆ ಕೂರಿಸೋಣವೆಂದರೆ ಪರದೆ, ಸ್ಟೀರಿಂಗ್ ಸ್ವಿಚ್ಚು, ಪಾರ್ಕಿಂಗ್ ಸದ್ದು, ಎಸಿ ಎಲ್ಲ ಒಂದೇ ಕಂಪ್ಯೂಟರಿಗೆ ಗಂಟು ಬಿದ್ದಿವೆ, ವೈರ್ ಕತ್ತರಿಸಿದರೆ ವಾರಂಟಿಗೆ ಕುತ್ತು. ಪರಿಚಯದವರೊಬ್ಬರ ಕಾರಿನಲ್ಲಿ ವಾರಂಟಿ ಮುಗಿದ ಮೇಲೆ ಆಂಪ್ ಸುಟ್ಟಿತು. ಬಿಚ್ಚಿ ರಿಪೇರಿ ಮಾಡುವವರು ಸಿಗಲಿಲ್ಲ, ಇಡೀ ಯೂನಿಟ್ಟೇ ಬದಲಿಸಬೇಕಾಯಿತು. ಹಿಂದೆ ಅದು ಎಸ್.ಪಿ. ರಸ್ತೆಯಿಂದ ಎರಡು ಟ್ರಾನ್ಸಿಸ್ಟರ್ ತಂದು ಸಂಜೆಯೊಳಗೆ ಮುಗಿಸುವ ಕೆಲಸವಾಗಿತ್ತು. ಮಾವನ ಅಂಗಡಿಯಲ್ಲಿ ಈಗ ಸೀಟ್ ಕವರು, ಡ್ಯಾಶ್ ಕ್ಯಾಮೆರಾ ಮಾರುತ್ತಾರೆ. ಅದಕ್ಕಾಗಿ ಮರುಗಬೇಕಿಲ್ಲ. ಕಸುಬು ಬದಲಾಗುವುದು ಸಹಜ.

ಆದರೆ ಟ್ಯಾಕ್ಸಿ ಓಡಿಸುವವರೂ ಸಣ್ಣ ಸಂಬಳದವರೂ ದಿನದ ಹಲವು ಗಂಟೆ ಕಾರಿನಲ್ಲೇ ಕಳೆಯುವ ಈ ಊರಿನಲ್ಲಿ ಒಳ್ಳೆಯ ಸದ್ದನ್ನು ಸನ್‌ರೂಫಿನ ಬೆಲೆಗೆ ಕಟ್ಟಿಹಾಕುವುದು ಸಹಜವಲ್ಲ. ಒಳ್ಳೆಯ ಸ್ಪೀಕರು ಮತ್ತು ಅದಕ್ಕೆ ತಕ್ಕ ಟ್ಯೂನಿಂಗನ್ನು ಎಲ್ಲ ಮಾಡೆಲ್ಲಿಗೂ ಪ್ರತ್ಯೇಕ ಬೆಲೆಯಲ್ಲಿ ಕೊಡುವುದು ಕಂಪನಿಗಳಿಗೆ ಅಸಾಧ್ಯವೇನಲ್ಲ. ಆಂಪಿನ ಬಿಡಿಭಾಗ ಹತ್ತು ವರ್ಷ ಸಿಗುವಂತೆ ಮಾಡುವುದೂ ಅಸಾಧ್ಯವಲ್ಲ. ಕೊಳ್ಳುವವರು ಕೇಳಿದರೆ ಅವರು ಕೊಡುತ್ತಾರೆ. ಕೇಳಬೇಕಾದರೆ ಮೊದಲು ಕಿವಿಗೊಟ್ಟು ಹೋಲಿಸಬೇಕು. ತಂಗಿಯ ಮಗಳು ಆ ದಿನ ಎರಡೂ ಕಾರಿನಲ್ಲಿ ಅದೇ ಹಾಡು ಹಾಕಿಸಿ, ಎರಡನ್ನೂ ರಸ್ತೆಗೆ ತೆಗೆದು, ಆಮೇಲೆ ಮುಂಗಡ ಕೊಟ್ಟಳು. ಬಿಲ್ಲೆ ನೋಡಿ ಆರಿಸುವ ಪ್ರತಿಯೊಬ್ಬರಿಗೂ ಅವಳ ದಾರಿಯನ್ನೇ ಹೇಳುತ್ತೇನೆ.